ಮಾಸ್ತಪ್ಪನ ಒರಗುಹಲಗೆ

ನೆಂಟರೆಲ್ಲ ಹೋದ ಮಾರನೆಯ ಬೆಳಿಗ್ಗೆ ಐದು ಗಂಟೆಗೇ ಎಚ್ಚರವಾಯಿತು. ಎದ್ದು ನೀರು ಕಾಯಲು ಇಟ್ಟೆ. ಇಟ್ಟ ಮೇಲೆ, ಇನ್ನು ಇದು ಯಾರಿಗೂ ಬೇಡ ಎಂದು ನೆನಪಾಯಿತು. ಇಳಿಸಲಿಲ್ಲ. ಬಿಸಿನೀರು ಯಾವುದಕ್ಕಾದರೂ ಆಗುತ್ತದೆ.

ಎರಡೂವರೆ ವರ್ಷ ನಮ್ಮ ಮನೆಯಲ್ಲಿ ಐದು ಗಂಟೆಗೆ ಒಂದು ಕೆಲಸವಿತ್ತು. ನನ್ನ ಗಂಡ ಸುಂದರೇಶ ಹೊಸನಗರದ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಚಿಕ್ಕಂದಿನಲ್ಲಿ ನಾಯಿಕೆಮ್ಮು ಬಂದು ಶ್ವಾಸಕೋಶದ ಕೊಳವೆಗಳು ಹಿಗ್ಗಿ ಕೆಟ್ಟಿದ್ದವು. ಅವುಗಳಲ್ಲಿ ಕಫ ನಿಲ್ಲುತ್ತಿತ್ತು. ನಿಂತದ್ದನ್ನು ದಿನಾ ತೆಗೆಯದಿದ್ದರೆ ಕೊಳೆತು ಜ್ವರ ಬರುತ್ತಿತ್ತು. ತೀರ್ಥಹಳ್ಳಿಯ ಡಾಕ್ಟರು ನಮಗೆ ಹೇಳಿದ್ದು ಇಷ್ಟು: "ಇದು ಆಸ್ಪತ್ರೆ ಕೆಲಸ ಅಲ್ಲ, ಮನೆ ಕೆಲಸ. ಪಾತ್ರೆ ತೊಳೆದ ಹಾಗೆ. ಒಂದು ದಿನ ಬಿಟ್ಟರೆ ಮಾರನೆ ದಿನಕ್ಕೆ ಎರಡರಷ್ಟು."

ಬೆಳಿಗ್ಗೆ ಬಿಸಿನೀರು ಕುಡಿದು ಅವರು ಮಂಚದ ಅಡ್ಡಕ್ಕೆ ಬೋರಲು ಮಲಗುತ್ತಿದ್ದರು. ಹೊಟ್ಟೆಯಡಿ ಎರಡು ದಿಂಬು, ತಲೆ ಮಂಚದಿಂದ ಕೆಳಕ್ಕೆ. ನಾನು ಕೈಯನ್ನು ಬೊಗಸೆ ಮಾಡಿ ಬೆನ್ನಿನ ಮೇಲೆ ತಟ್ಟುತ್ತಿದ್ದೆ. ಎಡಕ್ಕೆ ಹತ್ತು ನಿಮಿಷ, ಬಲಕ್ಕೆ ಹತ್ತು ನಿಮಿಷ. ಕಫ ಬಂದದ್ದನ್ನು ಮುಚ್ಚಳವಿದ್ದ ಲೋಟದಲ್ಲಿ ಹಿಡಿದು, ಎಷ್ಟಿದೆ, ಯಾವ ಬಣ್ಣ ಎಂದು ನೋಡಿ, ಸುಣ್ಣ ಹಾಕಿ ಹಿತ್ತಲಲ್ಲಿ ಹೂಳುತ್ತಿದ್ದೆ. ಸಂಜೆ ಇನ್ನೊಮ್ಮೆ. ಜ್ವರ ಬಂದರೆ ಪೆನಿಸಿಲಿನ್ ನಾನೇ ಕೊಡುತ್ತಿದ್ದೆ. ಹೇರಳೆಕಾಯಿಗೆ ಚುಚ್ಚಿ ಚುಚ್ಚಿ ಅದನ್ನು ಕಲಿತದ್ದು. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಕಪ್ಪೆಯ ಶ್ವಾಸಕೋಶವನ್ನು ಬಿಡಿಸಿ ನೋಡಿದ್ದೆ. ಅದು ಏನೂ ಉಪಯೋಗಕ್ಕೆ ಬರಲಿಲ್ಲ.

ಊರಲ್ಲಿ ಕೆಲವರು ಕ್ಷಯ ಎಂದುಕೊಂಡಿದ್ದರು. ಕ್ಷಯವಲ್ಲ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಮನೆಯಲ್ಲಿತ್ತು. ಯಾರೂ ಅದನ್ನು ಕೇಳಿ ನೋಡಲಿಲ್ಲ.

ಆ ಬೆಳಿಗ್ಗೆ ಎರಡು ವರ್ಷದ ಮೇಲೆ ಮೊದಲ ಸಲ ಒಳಗಿನ ಒಲೆಗೆ ಸೌದೆ ಹಾಕಿದೆ. ಹೊಗೆ ಅವರಿಗೆ ಆಗುತ್ತಿರಲಿಲ್ಲವೆಂದು ಅಷ್ಟು ದಿನ ಹಿತ್ತಲ ಚಪ್ಪರದಲ್ಲಿ ಅಡುಗೆ ಮಾಡುತ್ತಿದ್ದೆ. ಹೊಗೆ ನಡುಮನೆಗೆ ಹೋಯಿತು. ಯಾರೂ ಕೆಮ್ಮಲಿಲ್ಲ. ಅತ್ತೆ ಕಾಮಾಕ್ಷಮ್ಮ ಬಂದು ಒಲೆಯನ್ನು ನೋಡಿದರು, ನನ್ನನ್ನು ನೋಡಿದರು, ಕಾಫಿ ಲೋಟ ತೆಗೆದುಕೊಂಡು ಹೋದರು.

ಹತ್ತು ಗಂಟೆಗೆ ಅಂಚೆಯ ತಿಮ್ಮಣ್ಣ ಬಂದ. ಒಳಗೆ ಬರದೆ ಅಂಗಳದಲ್ಲೇ ನಿಂತ.

"ಅಮ್ಮಾ, ಒಂದು ಕಾರ್ಡು. ಮೇಷ್ಟ್ರ ಹೆಸರಿಗೇ ಬಂದಿದೆ. ಏನ್ ಮಾಡ್ಲಿ?"

"ಕೊಡಿ."

"ಅಲ್ಲ, ನಿಮಗೆ ಬ್ಯಾಡಾ ಅನ್ಸಿದ್ರೆ ವಾಪಸ್ ಕಳಿಸ್ಬೋದು. ಆದ್ರೆ 'ತೀರಿಕೊಂಡಿದ್ದಾರೆ' ಅಂತ ನಾನು ಬರೀಬೇಕಾಗ್ತದೆ. ನಂಗೆ ಕೈ ಬರಲ್ಲ."

"ಕೊಡಿ ತಿಮ್ಮಣ್ಣ."

"ಓದ್ಲಿಲ್ಲ ನಾನು," ಎಂದ. ಎರಡು ಹೆಜ್ಜೆ ಹೋಗಿ ತಿರುಗಿ, "ಪಾಪ, ಅವ್ರಿಗೂ ಹುಷಾರಿಲ್ಲ ಕಾಣ್ತದೆ," ಎಂದ.

ಕಾರ್ಡು ಕೋಣಂದೂರಿನ ಮಾಸ್ತಪ್ಪನದು. ಯಾರಿಂದಲೋ ಬರೆಸಿದ್ದ. ಮಾಸ್ತಪ್ಪ ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷ ತೌಡಿನ ಧೂಳು ಕುಡಿದು ಎದೆ ಕೆಡಿಸಿಕೊಂಡವನು. ತೀರ್ಥಹಳ್ಳಿಯ ಡಾಕ್ಟರ ಬಾಗಿಲಲ್ಲಿ ಒಂದೇ ಬೆಂಚಿನ ಮೇಲೆ ಕೂತು ಇವರಿಬ್ಬರಿಗೂ ಸ್ನೇಹವಾಗಿತ್ತು. ಇಬ್ಬರೂ ಒಂದು ವಾಕ್ಯ ಹೇಳಿ ಮುಗಿಸಲು ಎರಡು ಸಲ ನಿಲ್ಲಬೇಕಿತ್ತು, ಆದ್ದರಿಂದ ಒಬ್ಬರ ಮಾತಿಗೆ ಇನ್ನೊಬ್ಬರಿಗೆ ಅವಸರವಿರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ನನ್ನ ಗಂಡನಿಗೆ ಹೃದಯವೂ ಸೋತು, ಮಟ್ಟಸವಾಗಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೆನ್ನು ತಟ್ಟುವುದನ್ನೂ ಕೂರಿಸಿಯೇ ಮಾಡುತ್ತಿದ್ದೆ. ದಿಂಬು ಪೇರಿಸಿದರೆ ನಿದ್ದೆಯಲ್ಲಿ ಜಾರುತ್ತಿದ್ದವು. ಆಗ ಮಾಸ್ತಪ್ಪ ತನ್ನ ಒರಗುಹಲಗೆಯನ್ನು ಕೊಟ್ಟ. ಎರಡು ಹಲಸಿನ ಹಲಗೆಗೆ ಕೀಲು ಕೊಟ್ಟು, ಹಿಂದೆ ಒಂದು ಆನಿಕೆ ಕೋಲು ಕಟ್ಟಿ, ಆನಿಕೆ ಕೂರಲು ಮೂರು ಹಲ್ಲು ಕೊರೆದದ್ದು. ಬೇಕಾದಷ್ಟು ಎತ್ತರಿಸಿಕೊಂಡು ಕೂತೇ ನಿದ್ದೆ ಮಾಡಬಹುದು. "ಬ್ಯಾಸಿಗೇಲಿ ನಂಗೆ ಬ್ಯಾಡ ಮೇಷ್ಟ್ರೇ, ನೆಲದ ಮೇಲೂ ಮಲಗ್ತೀನಿ. ಮೃಗಶಿರ ಮಳೆ ಹಿಡಿಯೋದ್ರೊಳಗೆ ಕೊಡಿ," ಎಂದಿದ್ದನಂತೆ. ಇವರು ಒಪ್ಪಿಕೊಂಡು ತಂದಿದ್ದರು. ಮಳೆ ಹತ್ತಿರ ಬರುವಾಗ ನನಗೆ ಎರಡು ಸಲ ನೆನಪಿಸಿದ್ದರು.

ಮೃಗಶಿರಕ್ಕೆ ಇನ್ನು ಆರು ದಿನವಿತ್ತು. ಒರಗುಹಲಗೆ ಹುಡುಕಿದೆ. ಕೋಣೆಯಲ್ಲಿ ಇರಲಿಲ್ಲ. ಅಟ್ಟದ ಮೇಲೂ ಇರಲಿಲ್ಲ.

"ಎಂತ ಹುಡುಕ್ತಾ ಇದ್ದೆ?" ಎಂದರು ಅತ್ತೆ.

"ಒರಗುಹಲಗೆ ಎಲ್ಲಿದ್ದು ಅತ್ತೆ?"

"ಕೊಟ್ಟಾತು."

"ಯಾರಿಗೆ?"

"ಗಣಪಯ್ಯ ಭಟ್ಟರಿಗೆ. ಹಾಸಿಗೆ ಜೊತಿಗೆ."

ಹನ್ನೆರಡನೆಯ ದಿನ ಸತ್ತವರ ಹೆಸರಿನಲ್ಲಿ ಮಂಚ, ಹಾಸಿಗೆ, ಹೊದಿಕೆ, ಕೊಡೆ, ಚಪ್ಪಲಿಗಳನ್ನು ದಾನ ಕೊಡುತ್ತಾರೆ. ಇಲ್ಲಿ ಕೊಟ್ಟದ್ದು ಅಲ್ಲಿ ಅವರಿಗೆ ಸಿಗುತ್ತದೆ ಎಂಬ ನಂಬಿಕೆ. ನನ್ನ ಮೈದುನ ಶಂಭು ಕರ್ಮ ಮಾಡಿದ. ನನ್ನನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದರು. ಹೊರಗೆ ಏನೇನು ಇಟ್ಟರೆಂದು ನಾನು ಕೇಳಲಿಲ್ಲ. ಆ ದಿನಗಳಲ್ಲಿ ನಾನು ಏನನ್ನೂ ಕೇಳಲಿಲ್ಲ.

"ಅದು ನಮ್ದಲ್ಲ ಅತ್ತೆ. ಮಾಸ್ತಪ್ಪಂದು."

"ಗೊತ್ತಿದ್ದು."

"ಗೊತ್ತಿದ್ದೂ ಕೊಟ್ರಾ?"

ಅತ್ತೆ ಬತ್ತಿ ಹೊಸೆಯುತ್ತಿದ್ದವರು ಹೊಸೆಯುತ್ತಲೇ ಹೇಳಿದರು. "ಅಂವ ಕಡೆ ಮೂರು ತಿಂಗಳು ಒಂದಿನ ಮಟ್ಟಸ ಮಲಗಿದ್ನಾ? ಬರೀ ಹಾಸಿಗೆ ಕೊಟ್ರೆ ಅಲ್ಲಿ ಎಂತ ಮಾಡವು ಅಂವ? ಮಲಗಿ ಉಸ್ರು ಕಟ್ಟಿ ಒದ್ದಾಡವಾ?"

"ಅಲ್ಲಿ ಉಸಿರಾಟ ಇಲ್ಲೆ ಅತ್ತೆ. ಶರೀರವೇ ಇಲ್ಲೆ."

"ಮೈಸೂರಲ್ಲಿ ಕಲಿಸಿದ್ದಾ ಇದು? ಯಾರು ಹೋಗಿ ನೋಡ್ಕಂಡು ಬೈಂದ?"

ನಾನು ಕಾರ್ಡು ತೆಗೆದು ತೋರಿಸಿದೆ.

"ಮಾಸ್ತಪ್ಪ ಕಾರ್ಡು ಬರೆಸಿದ್ದ. ಮಳೆ ಬಂತು, ಅವಂಗೆ ಬೇಕಡ."

"ಹೊಸದು ಮಾಡ್ಸಿ ಕೊಡು."

"ಆಚಾರಿ ಮಳೆ ಮುಗಿಯವರೆಗೆ ಸಿಕ್ತ್ನಿಲ್ಲೆ. ಎಲ್ಲರ ಮನೆ ಮಾಡಿನ ಮೇಲೂ ಅಂವನೇ ಕೂತಿದ್ದ. ಮುಂದೆ ಹೊಸದು ಮಾಡ್ಸಿ ಭಟ್ಟರಿಗೆ ಕೊಡನ. ಈಗ ಇದನ್ನ ವಾಪಸ್ ತಪ್ಪನ."

"ಹೊಸದ್ರ ಮೇಲೆ ಅಂವ ಒಂದಿನ ಕೂತಿದ್ನಾ? ಅದು ಅಂವಂದು ಹ್ಯಾಂಗಾಗ್ತು?" ಎಂದು ಅತ್ತೆ ಬತ್ತಿಯ ತಟ್ಟೆ ಎತ್ತಿಕೊಂಡು ದೇವರ ಕೋಣೆಗೆ ಹೋದರು.

ಮಧ್ಯಾಹ್ನ ಗಣಪಯ್ಯ ಭಟ್ಟರ ಮನೆಗೆ ಹೋದೆ. ನಾನು ಹೊರಗೆ ತಿರುಗುವ ಕಾಲವಲ್ಲ ಅದು. ಹಾಗಾಗಿ ಮುಂಬಾಗಿಲಿಗೆ ಹೋಗದೆ ಹಿತ್ತಲ ಬೇಲಿಯ ದಣಪೆ ದಾಟಿ ಹೋದೆ. ಭಟ್ಟರ ಹೆಂಡತಿ ಪುಷ್ಪಮ್ಮ ಹಲಸಿನ ಹಪ್ಪಳ ಒಣಗಿಸಿ ಕಾಗೆ ಕಾಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಕೂರು ಎನ್ನಬೇಕೋ ಬೇಡವೋ ತಿಳಿಯದೆ ಕೈಯ ಕೋಲನ್ನೇ ತಿರುಗಿಸಿದರು.

ಬಂದ ವಿಷಯ ಹೇಳಿದೆ. ಪುಷ್ಪಮ್ಮನ ಮುಖ ಹಗುರವಾಯಿತು.

"ತಗೊಂಡು ಹೋಗೇ ಮಾರಾಯ್ತಿ! ಸೌದೆ ಕೊಟ್ಟಿಗೇಲಿ ಇದೆ. ಮನೆ ಒಳಗೆ ತರೋಕೆ ನಾನು ಬಿಡ್ಲಿಲ್ಲ. ತಪ್ಪು ತಿಳ್ಕೋಬೇಡ, ಆ ಕೆಮ್ಮು... ನಮ್ಮನೆಯವ್ರು ದಾನ ಅಂತ ಕೊಟ್ರೆ ಹಾವಿನ ಬುಟ್ಟಿನೂ ಹೊತ್ಕೊಂಡು ಬರ್ತಾರೆ."

"ಕ್ಷಯ ಅಲ್ಲ ಪುಷ್ಪಮ್ಮ, ಅದು ಅಂಟೋದಲ್ಲ."

"ಅಲ್ಲದೇ ಇರಬಹುದು," ಎಂದರು, ನಂಬದೆ.

ಭಟ್ಟರು ಊಟದ ಮಂಪರಿನಿಂದ ಎದ್ದು ಬಂದರು. ಹೆಂಡತಿಯ ಮಾತು ಅವರಿಗೆ ಕೇಳಿಸಿತ್ತು.

"ಹಾವಿನ ಬುಟ್ಟಿ ತಂದ್ರೆ ಹಾವಾಡಿಸಿ ನಿನ್ನ ಸಾಕ್ತೀನಿ, ಸುಮ್ನಿರು," ಎಂದು ನನ್ನ ಕಡೆ ತಿರುಗಿದರು. "ನೋಡು ತಂಗಿ, ಆ ಹಲಗೆ ಇಟ್ಕೊಂಡು ನಾನು ಮಾಡೋದು ಏನೂ ಇಲ್ಲ. ತಮ್ಮದಲ್ಲದ್ದನ್ನ ದಾನ ಕೊಟ್ರೆ ಅದು ದಾನವೇ ಆಗಲ್ಲ. ಅಷ್ಟು ಶಾಸ್ತ್ರ ನಂಗೂ ಗೊತ್ತು. ಆದ್ರೆ ಕೊಡಿಸಿದ್ದು ನಿನ್ನ ಅತ್ತೆ. 'ಇದರ ಮೇಲೆ ನನ್ನ ಮಗ ಕೂತ್ಕೋಬೇಕು, ಸರಿಯಾಗಿ ಮಂತ್ರ ಹೇಳಿ' ಅಂತ ನಂಗೆ ಎರಡು ಸಲ ಹೇಳಿದ್ರು. ಈಗ ಅವರಿಗೆ ಗೊತ್ತಿಲ್ದೆ ನಾನು ನಿನ್ನ ಕೈಗೆ ಕೊಟ್ರೆ, ಮಗ ಅಲ್ಲಿ ನೆಲದ ಮೇಲೆ ಒದ್ದಾಡ್ತಿದ್ದಾನೆ ಅಂತ ಆ ಹೆಂಗಸು ಸಾಯೋವರೆಗೆ ಅಳ್ತಾರೆ. ಅದು ನಂಗೆ ಬೇಡ. 'ನಮ್ಮದಲ್ಲ' ಅನ್ನೋ ಮಾತು ಅವರ ಬಾಯಿಂದ್ಲೇ ಬರಲಿ. ಆಮೇಲೆ ಅರ್ಧ ಗಳಿಗೆ ಇಟ್ಕೊಳ್ಳಲ್ಲ."

"ಹೇಳದಿದ್ರೆ?"

"ಸೌದೆ ಕೊಟ್ಟಿಗೇಲಿ ಇರ್ತದೆ."

"ಗೆದ್ದಲು ತಿಂತದೆ," ಎಂದರು ಪುಷ್ಪಮ್ಮ.

ಬರಿಗೈಯಲ್ಲಿ ಬಂದೆ. ಅತ್ತೆ ಜಗುಲಿಯಲ್ಲೇ ಕೂತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಗೊತ್ತಾಗಿತ್ತು.

ಸಂಜೆ ಅವರ ಹತ್ತಿರ ಕೂತು ಕಾರ್ಡನ್ನು ಪೂರ್ತಿ ಓದಿದೆ. ಬೆಳಿಗ್ಗೆ ಅವರಿಗೆ ಓದಿ ಹೇಳಿರಲಿಲ್ಲ, ಕಡೆಯ ಸಾಲು ನನ್ನಿಂದ ಗಟ್ಟಿಯಾಗಿ ಓದಲು ಆಗುತ್ತದೆ ಎನ್ನಿಸಿರಲಿಲ್ಲ. ಆಯಿತು. ಹೀಗಿತ್ತು:

"ಮೇಷ್ಟ್ರಿಗೆ ಮಾಸ್ತಪ್ಪನ ನಮಸ್ಕಾರಗಳು. ಇಲ್ಲಿ ಎರಡು ದಿನದಿಂದ ಮೋಡ. ಎದೆ ಬಿಗೀತಾ ಇದೆ. ನಿಮಗೆ ಗುಣವಾಗಿದ್ದರೆ ಒರಗುಹಲಗೆಯನ್ನು ಬಸ್ಸಿನ ಮೇಲೆ ಹಾಕಿ ಕಳಿಸಬೇಕು. ಗುಣವಾಗದಿದ್ದರೆ ಖಂಡಿತ ಕಳಿಸಬೇಡಿ. ನಾನು ಭತ್ತದ ಮೂಟೆಗೆ ಒರಗಿಕೊಳ್ಳುತ್ತೇನೆ."

ಅತ್ತೆ ಕಾರ್ಡನ್ನು ಒಮ್ಮೆ ಮುಟ್ಟಿ ನೋಡಿದರು. ಆಮೇಲೆ, "ಮೂಟೆಗೆ ಒರಗಿ ನಿದ್ದೆ ಬತ್ತಾ?" ಎಂದರು.

"ಭತ್ತ ಸರೀತು. ಮೂಟೆ ತಗ್ಗಾಗ್ತು. ಕತ್ತು ಹಿಂದೆ ಬಿದ್ದು ಉಸ್ರು ಕಟ್ಟಿ ಎಚ್ಚರಾಗ್ತು."

"ಹೂಂ. ದಿಂಬೂ ಹಾಂಗೇ ಆಗ್ತಿತ್ತು." ಸೆರಗಿನಲ್ಲಿ ಕೈ ಒರೆಸಿಕೊಂಡರು. ಕೈಯಲ್ಲಿ ಏನೂ ಇರಲಿಲ್ಲ. "ಅವಂಗೆ ಹೆಂಡತಿ ಇದ್ದಾ?"

"ಇದ್ದು. ಜಲಜಮ್ಮ ಹೇಳಿ ಹೆಸರು."

"ಅದಕ್ಕೂ ನಿದ್ದೆ ಇಲ್ಲೆ ಹಾಂಗಾರೆ."

ಅತ್ತೆಗೆ ಈ ಲೆಕ್ಕ ತಿಳಿಯುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಅವರೇ ಮುಂದುವರಿಸಿದರು. ನನ್ನ ಗಂಡನಿಗೆ ಐದು ವರ್ಷವಾಗಿದ್ದಾಗ, ಆಗಿದ್ದ ನಿಟ್ಟೂರಿನ ಮನೆಯಲ್ಲಿ, ಮಳೆಗಾಲವಿಡೀ ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತು, ಮಗನನ್ನು ತಮ್ಮ ಬೆನ್ನಿಗೆ ಒರಗಿಸಿ ಮಲಗಿಸುತ್ತಿದ್ದರಂತೆ. ಬೆನ್ನು ಅಲುಗಿದರೆ ಅವನಿಗೆ ಎಚ್ಚರ. ಆದ್ದರಿಂದ ಅವರು ಅಲುಗುತ್ತಿರಲಿಲ್ಲ. ಡಾಕ್ಟರೂ ಇಲ್ಲ, ಹಲಗೆಯೂ ಇಲ್ಲ. ಮದುವೆಯಾಗಿ ಮೂರು ವರ್ಷದಲ್ಲಿ ಇದನ್ನು ಅತ್ತೆಯೂ ಹೇಳಿರಲಿಲ್ಲ, ಮಗನೂ ಹೇಳಿರಲಿಲ್ಲ.

"ನಂಗೂ ಅರವತ್ತೆಂಟಾತು," ಎಂದರು ಕಡೆಗೆ. "ನಾ ಅಲ್ಲಿಗೆ ಹೋಪವರೆಗೆ ಅಂವ ಹ್ಯಾಂಗೋ ಸುಧಾರಿಸ್ಕತ್ತ. ಆಮೇಲೆ ನಾನಿದ್ದಿ."

ಎದ್ದು ದೀಪ ಹಚ್ಚಲು ಹೋದರು.

ಮಾರನೆಯ ಬೆಳಿಗ್ಗೆ ನನ್ನನ್ನು ಹಿಂದೆ ಹಾಕಿಕೊಂಡು ಭಟ್ಟರ ಮನೆಗೆ ಹೊರಟರು. ಹಿತ್ತಲಿಂದ ಹೋಗೋಣವೆಂದೆ. "ಕದ್ದಿದ್ವಾ ನಾವು?" ಎಂದು ಮುಂಬಾಗಿಲಿಗೇ ನಡೆದರು. ಬೀದಿಯಲ್ಲಿ ಒಬ್ಬಿಬ್ಬರು ನೋಡಿ ಮುಖ ತಿರುಗಿಸಿದರು.

ಭಟ್ಟರು ಜಗುಲಿಯಲ್ಲಿ ಪಂಚಾಂಗ ಹಿಡಿದು ಕೂತಿದ್ದರು.

"ಭಟ್ರೇ, ಆ ಹಲಗೆ ನಮ್ದಲ್ಲ," ಎಂದರು ಅತ್ತೆ. "ಕೋಣಂದೂರಿನ ಮಾಸ್ತಪ್ಪಂದು. ಮಗ ಎರವಲು ತಂದಿದ್ದ. ನಂಗೆ ಗೊತ್ತಿತ್ತು."

"ಆತು ಕಾಮಾಕ್ಷಮ್ಮ."

"ಹಾಸಿಗೆ ಮುಟ್ತಲ್ಲ ಅವಂಗೆ?"

"ಹಾಸಿಗೆ ಮುಟ್ಟಿದೆ. ಕೊಡೆ ಮುಟ್ಟಿದೆ. ಎಲ್ಲ ಮುಟ್ಟಿದೆ."

"ದಿಂಬು?"

"ಎರಡೂ."

ಅತ್ತೆ ತಲೆಯಾಡಿಸಿದರು. ಭಟ್ಟರು ತಾವೇ ಹೋಗಿ ಸೌದೆ ಕೊಟ್ಟಿಗೆಯಿಂದ ಒರಗುಹಲಗೆಯನ್ನು ತಂದು, ಮೈಮೇಲಿನ ಪಂಚೆಯಿಂದ ಜೇಡರಬಲೆ ಒರೆಸಿದರು. ಪುಷ್ಪಮ್ಮ ಬಾಗಿಲ ಸಂದಿಯಿಂದ ಆ ಪಂಚೆಯನ್ನೇ ನೋಡುತ್ತಿದ್ದರು.

ಬಸ್ಸಿನ ಮೇಲೆ ಹಾಕಿ ಕಳಿಸಿಬಿಡುವುದೆಂದು ನಾನು ಅಂದುಕೊಂಡಿದ್ದೆ. ಅತ್ತೆ ಬಿಡಲಿಲ್ಲ.

"ಅಂವ ಸತ್ತಿದ್ದು ಮಾಸ್ತಪ್ಪಂಗೆ ಗೊತ್ತಿಲ್ಲೆ. ಹಲಗೆ ಒಂದೇ ಹೋದ್ರೆ ಮೇಷ್ಟ್ರಿಗೆ ಗುಣ ಆತು ಹೇಳಿ ತಿಳ್ಕತ್ತ. ನೀನೇ ಹೋಗು."

"ತಿಂಗಳೂ ಆಯ್ದಿಲ್ಲೆ. ಜನ ನೋಡ್ತ."

"ನೋಡ್ಲಿ."

ಬಾವಿಯ ಹಳೆಯ ಹಗ್ಗ ತೆಗೆದುಕೊಟ್ಟರು. ಹಲಗೆಯನ್ನು ಮಡಿಸಿ ಸುತ್ತಲೂ ಬಿಗಿದೆ. ಒಂಬತ್ತರ ಬಸ್ಸಿನ ಕಂಡಕ್ಟರು ನನ್ನ ಹಣೆಯನ್ನು ನೋಡಿ, ಏನೂ ಕೇಳದೆ, ಹಲಗೆಯನ್ನು ಮೇಲೆ ಹಾಕದೆ ಹಿಂದಿನ ಸೀಟಿಗೆ ಆನಿಸಿಟ್ಟ. ದಾರಿಯುದ್ದಕ್ಕೂ ಅದರ ಮೇಲೆ ಕೈಯಿಟ್ಟುಕೊಂಡಿದ್ದೆ. ತಿರುವಿನಲ್ಲಿ ಜಾರುತ್ತಿತ್ತು.

ಕೋಣಂದೂರಿನಲ್ಲಿ ಇಳಿದು ಕೇಳಿಕೊಂಡು ಹೋದೆ. ಗಿರಣಿಯ ಹಿಂದಿನ ಮನೆ. ಮಾಸ್ತಪ್ಪ ಹೊರಗಿನ ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ತುಟಿ ಮುಂದೆ ಮಾಡಿ ಉಸಿರು ಬಿಡುತ್ತಿದ್ದ. ಹೆಗಲ ಗುಳಿ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು. ನಿಮಿಷಕ್ಕೆ ಮೂವತ್ತೆರಡು. ಎಣಿಸುವ ಅಭ್ಯಾಸ ನನಗೆ ಹೋಗಿರಲಿಲ್ಲ.

ಅವನು ಮೊದಲು ಹಲಗೆಯನ್ನು ನೋಡಿ ನಕ್ಕ.

"ಅಂತೂ ಮೇಷ್ಟ್ರಿಗೆ... ಗುಣ ಆತು." ಆಮೇಲೆ ನನ್ನನ್ನು ನೋಡಿದ. ನಗು ಹೋಯಿತು.

"ಯಾವತ್ತು?" ಎಂದ.

"ಹದಿನೈದು ದಿನ ಆಯ್ತು."

ಜಲಜಮ್ಮ ಒಳಗಿಂದ ಬಂದು ಕಂಬ ಹಿಡಿದು ನಿಂತಳು. "ಅಯ್ಯೋ, ಆ ಕಾರ್ಡು ಹಾಕಬ್ಯಾಡಿ ಅಂತ ಬಡ್ಕಂಡೆ ಅಮ್ಮಾ. ಕೇಳ್ಲಿಲ್ಲ ಇವ್ರು."

"ಹಾಕಿದ್ದು ಒಳ್ಳೇದೇ ಆಯ್ತು," ಎಂದೆ.

ಮಾಸ್ತಪ್ಪ ನೆಲ ನೋಡುತ್ತ ಉಸಿರು ಕೂಡಿಸಿಕೊಂಡ. "ಇದ್ರ ಮೇಲೇ... ಹ್ವಾದ್ರಾ?"

ಜಲಜಮ್ಮ ಗಂಡನನ್ನು ನೋಡಿ, ನನ್ನನ್ನು ನೋಡಿದಳು. ಅಲ್ಲ ಎನ್ನಬಹುದಿತ್ತು. ಆದರೆ ವಸ್ತು ಅವನದು, ಅವನಿಗೆ ಗೊತ್ತಿರಬೇಕು.

"ಹೌದು. ಮಧ್ಯಾಹ್ನ ಮೂರೂವರೆಗೆ. ಒರಗಿಕೊಂಡೇ ಇದ್ರು. ಒದ್ದಾಡ್ಲಿಲ್ಲ. ನಾನು ಒಳಗಿಂದ ಔಷಧಿ ತರೋಕೆ ಹೋಗಿ ಬಂದೆ, ಅಷ್ಟರಲ್ಲಿ ಆಗಿತ್ತು."

"ಒದ್ದಾಡ್ಲಿಲ್ವಾ?"

"ಇಲ್ಲ."

"ಇದು ಒಳಗೆ ಬ್ಯಾಡ," ಎಂದಳು ಜಲಜಮ್ಮ ಮೆಲ್ಲಗೆ. "ಅಮ್ಮಾ, ಬೇಜಾರ್ ಮಾಡ್ಕಬ್ಯಾಡಿ. ಸತ್ತವ್ರು ಕೂತದ್ದು."

"ಏ ಸುಮ್ನಿರೇ," ಎಂದ ಮಾಸ್ತಪ್ಪ. ಒಂದು ಉಸಿರು, ಇನ್ನೊಂದು ಉಸಿರು. "ನಂಗೆ ಬೇಕಾಗಿದ್ದು... ಅದೇಯ. ಒದ್ದಾಡ್ದೆ... ಹೋಗದು. ನಿನ್ನ ಮೂಟೆ ಮೇಲೆ... ಹೋಗು ಅಂತೀಯಾ?"

ಜಲಜಮ್ಮ ಅಳುವುದೋ ಬೈಯುವುದೋ ಗೊತ್ತಾಗದೆ ಒಳಗೆ ಹೋಗಿ ಒಂದು ಬಿಂದಿಗೆ ಬಿಸಿನೀರು ತಂದಳು. ಇಬ್ಬರೂ ಕೂಡಿ ಅಂಗಳದಲ್ಲಿ ಹಲಗೆ ತೊಳೆದೆವು. ಬೂದಿ ಹಾಕಿ ಅವಳು ಉಜ್ಜಿದಳು, ನಾನು ನೀರು ಹೊಯ್ದೆ. ಕೀಲಿನ ಸಂದಿಯನ್ನು ಕಡ್ಡಿಯಿಂದ ತೆಗೆದೆ. ಆಮೇಲೆ ಬಿಸಿಲಿಗೆ ನಿಲ್ಲಿಸಿದೆವು. ಬಿಸಿಲು ಇದ್ದೂ ಇಲ್ಲದಂತಿತ್ತು. ಮೋಡ ಬಂದು ಹೋಗುತ್ತಿತ್ತು.

"ಇದು ಒಣಗೋ ಹೊತ್ತಿಗೆ... ನಾನೇ ಒಣಗಿರ್ತೀನಿ," ಎಂದ ಮಾಸ್ತಪ್ಪ.

"ಬಾಯಿ ಒಂದು ಚೆನ್ನಾಗಿದೆ," ಎಂದಳು ಜಲಜಮ್ಮ. ನನಗೆ ಬೆಲ್ಲ, ನೀರು ತಂದಿಟ್ಟು, "ನಮ್ಮನೇದು ಕುಡೀತೀರೋ ಇಲ್ಲೋ," ಎಂದಳು. ಕುಡಿದೆ.

ಹಲಗೆ ಒಣಗುವವರೆಗೆ ಮೂವರೂ ಅದನ್ನೇ ನೋಡುತ್ತ ಕೂತೆವು. ಮಾಸ್ತಪ್ಪ ಕೇಳಿದ ಹಾಗೆಲ್ಲ ಹೇಳಿದೆ. ಏನು ತಿನ್ನುತ್ತಿದ್ದರು, ಕಡೆಗೆ ಕಾಲು ಊದಿತ್ತೇ, ಮಾತು ಇತ್ತೇ. ಕಾಲು ಊದಿತ್ತು. ಮಾತು ಇತ್ತು. ಮಳೆಯೊಳಗೆ ಹಲಗೆ ಕಳಿಸಬೇಕು ಎಂದದ್ದನ್ನೂ ಹೇಳಿದೆ. ಅವನು ತಲೆಯಾಡಿಸಿದ. ಇದನ್ನೆಲ್ಲ ಇಷ್ಟು ಸರಾಗವಾಗಿ ಯಾರೂ ನನ್ನನ್ನು ಕೇಳಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ನಡುಮನೆಯ ಮಂಚಕ್ಕೆ ಹಲಗೆ ಒಯ್ದು ಬಿಡಿಸಿದೆ. ಆನಿಕೆಯನ್ನು ಎರಡನೆಯ ಹಲ್ಲಿಗೆ ಕೂರಿಸಿದೆ. ಜಲಜಮ್ಮ ಕಂಬಳಿ ಮಡಿಸಿ ಹಾಸಿದಳು. ಮಾಸ್ತಪ್ಪ ಬಂದು ಕೂತು, ನಿಧಾನವಾಗಿ ಹಿಂದಕ್ಕೆ ಒರಗಿದ. ಇನ್ನೂ ಮೇಲಕ್ಕೆ ಎಂದು ಸನ್ನೆ ಮಾಡಿದ. ಮೂರನೆಯ ಹಲ್ಲಿಗೆ ಹಾಕಿದೆ. ಹೆಗಲು ಇಳಿಯಿತು. ಏನೋ ಹೇಳಲು ಬಾಯಿ ತೆರೆದವನು ಹೇಳದೆ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಬಾಯಿಯೂ ಮುಚ್ಚಿತು. ನಿಮಿಷಕ್ಕೆ ಇಪ್ಪತ್ತಾರು.

"ನಿದ್ದೆ ಕಂಡು ನಾಕು ದಿನ ಆಗಿತ್ತು," ಎಂದಳು ಜಲಜಮ್ಮ, ಪಿಸುಮಾತಿನಲ್ಲಿ. ಅಲ್ಲೇ ಬಾಗಿಲಿಗೆ ಒರಗಿ ಅವಳೂ ಕೂತಳು.

ಎರಡರ ಬಸ್ಸಿಗೆ ಹೊತ್ತಾಗಿತ್ತು. ಅಂಗಳದಲ್ಲಿ ಬಿದ್ದಿದ್ದ ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಹಗ್ಗ ನಮ್ಮದು.